ಅಬ್ಹಲ್ ಕಾಯಿ ಸುನ್ನತ್ ಅಲ್ಲ, ಔಷಧಿ

ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಖಾಲಾ ಅವರ ಮನೆಯಲ್ಲಿ, ಮಸಾಲೆ ಡಬ್ಬಗಳ ಹಿಂದೆ, ಒಂದು ಸಣ್ಣ ಪೊಟ್ಟಣವಿತ್ತು. ಒಳಗೆ ಬಟಾಣಿಗಿಂತ ತುಸು ಚಿಕ್ಕದಾದ, ಕಪ್ಪು-ನೇರಳೆ ಬಣ್ಣದ ಒಣಗಿದ ಕಾಯಿಗಳು. ಮೊದಲ ನೋಟಕ್ಕೆ ಕಾಳುಮೆಣಸೆಂದೇ ಅನ್ನಿಸುತ್ತದೆ. ಒಂದನ್ನು ಬೆರಳ ನಡುವೆ ಒತ್ತಿದರೆ ಕರ್ಪೂರವನ್ನೂ ದೇವದಾರು ಮರದ ಅಂಟನ್ನೂ ನೆನಪಿಸುವ ಘಾಟು. ಪೊಟ್ಟಣದ ಮೇಲೆ ಉರ್ದುವಿನಲ್ಲಿ 'ಅಬ್ಹಲ್' ಎಂದೂ, ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ 'ತಿಬ್ಬೆ ನಬವಿ' ಎಂದೂ ಅಚ್ಚಾಗಿತ್ತು. ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ದಿನ, ಯಾರು ತೆಗೆದುಕೊಳ್ಳಬಾರದು ಎಂಬ ಒಂದು ಮಾತೂ ಇರಲಿಲ್ಲ.

ಅವರ ಸೊಸೆಗೆ ಮುಟ್ಟು ಆರು ವಾರ ತಡವಾಗಿತ್ತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪಟ್ಟಣದ ಅಂಗಡಿಯೊಂದರಲ್ಲಿ ಖಾಲಾ ವಿಷಯ ತಿಳಿಸಿದಾಗ ಅಂಗಡಿಯಾತ ಈ ಪೊಟ್ಟಣವನ್ನು ಕೊಟ್ಟು, ಸೋಂಪಿನೊಡನೆ ಕುದಿಸಿ ಬೆಳಿಗ್ಗೆ-ಸಂಜೆ ಕೊಡಿ, 'ಎಲ್ಲಾ ಶುದ್ಧವಾಗುತ್ತದೆ' ಎಂದನಂತೆ. ನಾಲ್ಕನೆಯ ದಿನಕ್ಕೆ ಹುಡುಗಿಗೆ ವಿಪರೀತ ಹೊಟ್ಟೆನೋವು, ರಕ್ತಸ್ರಾವ. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಆಕೆ ಗರ್ಭಿಣಿಯಾಗಿದ್ದಳೆಂದೂ ಗರ್ಭ ಉಳಿದಿಲ್ಲವೆಂದೂ ತಿಳಿಯಿತು. ಕಷಾಯವೇ ಕಾರಣವೆಂದು ವೈದ್ಯೆ ಹೇಳಲಿಲ್ಲ. ಮೊದಲ ತಿಂಗಳುಗಳಲ್ಲಿ ಗರ್ಭ ತಾನಾಗಿ ಜಾರುವುದೂ ಉಂಟು, ಯಾವುದರಿಂದ ಎಂದು ಖಚಿತವಾಗಿ ಹೇಳಲಾಗದು ಎಂದಷ್ಟೇ ಹೇಳಿದರು. ಆದರೆ ಖಾಲಾ ಅವರ ಮನಸ್ಸು ಅಷ್ಟಕ್ಕೆ ಸಮಾಧಾನಗೊಳ್ಳಲಿಲ್ಲ. 'ಹುಜೂರರ ಔಷಧಿ ಅಂತ ಬರೆದಿತ್ತಲ್ಲ ಬೇಟಾ, ಅದು ಹೇಗೆ ಕೆಡುಕು ಮಾಡುತ್ತೆ?' ಎಂದು ಅವರು ನನ್ನನ್ನು ಕೇಳಿದರು. ಈ ಲೇಖನ ಅವರ ಆ ಪ್ರಶ್ನೆಗೆ ನಾನು ಕೊಡಬೇಕಾದ ಉತ್ತರ.

ಮೊದಲು ಕಾಯಿಯ ವಿಚಾರ. ಅಬ್ಹಲ್ ಎಂದು ನಮ್ಮ ದೇಶದ ಯುನಾನಿ ಅಂಗಡಿಗಳಲ್ಲಿ ಮಾರುವುದು ಜುನಿಪರ್ ಎಂಬ ನಿತ್ಯಹಸಿರು ಪೊದೆಯ ಕಾಯಿ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಜುನಿಪೆರಸ್ ಕಮ್ಯೂನಿಸ್. ಹಿಂದಿಯಲ್ಲಿ ಹೌಬೇರ್, ಆಯುರ್ವೇದದಲ್ಲಿ ಹಪುಷಾ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೆಂಪು ಮಣ್ಣಿನಲ್ಲಿ ಅದು ಬೆಳೆಯುವ ಮಾತೇ ಇಲ್ಲ. ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಎತ್ತರದ ಚಳಿ ಇಳಿಜಾರುಗಳು ಅದರ ತವರು. ನೋಡಲು ಹಣ್ಣಿನಂತಿದ್ದರೂ ನಿಜವಾಗಿ ಅದು ಹಣ್ಣಲ್ಲ, ಪೈನ್ ಮರದ ಶಂಕುವಿನ ಜಾತಿಯದು. ಶಂಕುವಿನ ಪೊರೆಗಳೇ ತಿರುಳು ತುಂಬಿಕೊಂಡು ಒಂದಾಗಿ ಗುಂಡಗಾಗುತ್ತವೆ. ಹಸಿರಾಗಿ ಹುಟ್ಟಿ ಕಪ್ಪು-ನೀಲಿಗೆ ತಿರುಗಿ ಮಾಗಲು ಎರಡು-ಮೂರು ವರ್ಷ ಬೇಕು. ತುದಿಯಲ್ಲಿ ಮೂರು ಗೆರೆ ಕೂಡಿದ ಸಣ್ಣ ಗುರುತಿರುತ್ತದೆ. ಕಾಳುಮೆಣಸಿಗೂ ಬಾಲಮೆಣಸಿಗೂ ಆ ಗುರುತಿಲ್ಲ. ನಮ್ಮ ಸೀಮೆಯ ಅಡುಗೆಮನೆಗೆ ಅದರ ಪರಿಚಯವೇ ಇಲ್ಲದ್ದರಿಂದ ಅದರ ಹದವೂ ಅಪಾಯವೂ ಅಜ್ಜಿಯರ ಬಾಯಿಂದ ಬಾಯಿಗೆ ಬಂದಿಲ್ಲ. ಶುಂಠಿ, ಓಮ, ಮೆಂತ್ಯ ಎಷ್ಟು ಹಾಕಿದರೆ ಹೆಚ್ಚು ಎಂದು ನಮ್ಮ ತಾಯಂದಿರಿಗೆ ಗೊತ್ತು. ಅಬ್ಹಲ್ ಎಷ್ಟು ಹಾಕಿದರೆ ಹೆಚ್ಚು ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಅದು ನಿಜವಾದ ಔಷಧಿಯೇ ಎಂದರೆ, ಹೌದು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಯುನಾನಿ ಗ್ರಂಥಗಳು ಅದನ್ನು ಉಷ್ಣ ಮತ್ತು ಶುಷ್ಕ ಮಿಜಾಜಿನ ಔಷಧಿಗಳ ಸಾಲಿನಲ್ಲಿಡುತ್ತವೆ. ಮೂತ್ರವನ್ನು ಹರಿಸುವುದು, ಹೊಟ್ಟೆಯ ವಾಯುವನ್ನು ಕಳೆಯುವುದು, ನಿಂತ ಮುಟ್ಟನ್ನು ಹರಿಸುವುದು ಅದರ ಮುಖ್ಯ ಕೆಲಸಗಳು. ಹಕೀಮರ ಮಾತಿನಲ್ಲಿ ಮುದಿರ್-ಎ-ಬೌಲ್, ಮುದಿರ್-ಎ-ಹೈಜ್. ಇಬ್ನು ಸೀನಾ (980-1037) ತಮ್ಮ 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥದ ಎರಡನೆಯ ಸಂಪುಟದಲ್ಲಿ, ಬಿಡಿ ಔಷಧಿಗಳ ಪಟ್ಟಿಯೊಳಗೆ, ಅಬ್ಹಲ್‌ಗೆ ಜಾಗ ಕೊಟ್ಟಿದ್ದಾರೆ. ಅದನ್ನು ಎಳ್ಳೆಣ್ಣೆಯಲ್ಲಿ ಕಬ್ಬಿಣದ ಸೌಟಿನಲ್ಲಿ ಕಪ್ಪಾಗುವವರೆಗೆ ಕುದಿಸಿ ಆ ಎಣ್ಣೆಯನ್ನು ಕಿವುಡಿಗೆ ಹನಿಸುವ ವಿಧಾನವನ್ನೂ ಹೇಳಿದ್ದಾರೆ. ಅದೇ ಇಬ್ನು ಸೀನಾ ಅಬ್ಹಲ್ ಸೇವಿಸಿದರೆ ಮೂತ್ರದಲ್ಲಿ ರಕ್ತ ಹೋಗಬಹುದೆಂದೂ ಗರ್ಭ ಜಾರುತ್ತದೆಂದೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಂದರೆ ಸಾವಿರ ವರ್ಷಗಳಿಗೂ ಹಿಂದೆಯೇ ನಮ್ಮ ವೈದ್ಯರಿಗೆ ಇದು ಗೊತ್ತಿತ್ತು. ಖಾಲಾ ಅವರ ಪೊಟ್ಟಣದ ಮೇಲೆ ಬರೆಯದೆ ಬಿಟ್ಟದ್ದು ಇದನ್ನೇ.

ಇಲ್ಲಿ ಹೆಸರಿನ ಗೊಂದಲವೊಂದೂ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಜುನಿಪರನ್ನೂ, ಅದರ ಸೋದರ ಸಸ್ಯವಾದ ಸಾವಿನ್ ಎಂಬ ವಿಷಪೊದೆಯನ್ನೂ ಬೇರೆ ಬೇರೆಯಾಗಿ ವರ್ಣಿಸಿದ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿ ಹುನೈನ್ ಇಬ್ನು ಇಸ್‌ಹಾಕ್ ಮತ್ತು ಅವರ ಬಳಗದವರು ಆ ಗ್ರಂಥವನ್ನು ಅರಬಿಗೆ ತಂದರು. ಅರಬಿಯಲ್ಲಿ ಜುನಿಪರ್‌ಗೆ ಅರ್‌ಅರ್ ಎಂಬ ಹೆಸರು ನಿಂತಿತು, ಸಾವಿನ್‌ಗೆ ಅಬ್ಹಲ್ ಎಂಬ ಹೆಸರು ಅಂಟಿತು. ಸಾವಿನ್ ಗರ್ಭಪಾತಕ್ಕೆ ಯುರೋಪಿನಲ್ಲೂ ಕುಖ್ಯಾತವಾದ ಸಸ್ಯ. ಅದನ್ನು ಕುಡಿದು ಪ್ರಾಣ ಕಳೆದುಕೊಂಡ ಹೆಂಗಸರ ಕಥೆಗಳು ಅಲ್ಲಿಯ ಇತಿಹಾಸದಲ್ಲಿ ಬೇಕಾದಷ್ಟಿವೆ. ಸಾವಿನ್ ಹಿಂದುಸ್ತಾನದಲ್ಲಿ ಬೆಳೆಯದು. ಹೀಗಾಗಿ ಇಲ್ಲಿಯ ಹಕೀಮರ ಕೈಗೆ ಬಂದದ್ದು ಹಿಮಾಲಯದ ಜುನಿಪರ್ ಕಾಯಿ, ಅದಕ್ಕೆ ಉಳಿದದ್ದು ಅಬ್ಹಲ್ ಎಂಬ ಹೆಸರು. ಪೊಟ್ಟಣದಲ್ಲಿರುವುದು ಸೌಮ್ಯವಾದದ್ದೋ ತೀಕ್ಷ್ಣವಾದದ್ದೋ, ಹಿಮಾಲಯದ ಬೇರೆ ಜುನಿಪರ್ ಜಾತಿಗಳ ಕಾಯಿ ಅದರಲ್ಲಿ ಬೆರೆತಿದೆಯೋ ಎಂಬುದನ್ನು ಪರಿಣತರು ಮಾತ್ರ ಹೇಳಬಲ್ಲರು. ಮಲಾಗದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನುಲ್ ಬೈತಾರ್ ಸಸ್ಯಗಳನ್ನು ಕಣ್ಣಾರೆ ಕಂಡು ಗುರುತಿಸಲೆಂದೇ ಊರೂರು ಅಲೆದರು. ಒಂದೇ ಹೆಸರು ಎರಡು ಗಿಡಕ್ಕೆ ಅಂಟಿಕೊಂಡರೆ ರೋಗಿಯ ಗತಿ ಏನಾಗುತ್ತದೆಂದು ಆ ಮಹನೀಯರಿಗೆ ತಿಳಿದಿತ್ತು.

ಇಂದಿನ ವೈದ್ಯವಿಜ್ಞಾನವೂ ಈ ಕಾಯಿಯನ್ನು ತಳ್ಳಿಹಾಕಿಲ್ಲ. ಅದರ ಸುಗಂಧ ತೈಲ ಮೂತ್ರವನ್ನು ಹೆಚ್ಚಿಸುತ್ತದೆ. ಯುರೋಪಿನ ಔಷಧಿ ಪ್ರಾಧಿಕಾರ ಅಜೀರ್ಣದಂತಹ ಸಣ್ಣ ತೊಂದರೆಗಳಿಗೂ ಮೂತ್ರದ ಸಣ್ಣ ತೊಂದರೆಗಳಿಗೂ ಅದರ ಸಾಂಪ್ರದಾಯಿಕ ಬಳಕೆಯನ್ನು ಒಪ್ಪಿಕೊಂಡಿದೆ. ಒಪ್ಪಿಕೊಳ್ಳುವಾಗಲೇ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅದು ಬೇಡವೆಂದಿದೆ, ತೀವ್ರ ಮೂತ್ರಪಿಂಡದ ಕಾಯಿಲೆಯುಳ್ಳವರು ಮುಟ್ಟಬಾರದೆಂದಿದೆ, ದೀರ್ಘಕಾಲ ಸೇವಿಸಬಾರದೆಂದಿದೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದರ ಸಾರ ಗರ್ಭ ನಿಲ್ಲದಂತೆ ಮಾಡಿದ್ದು ದಾಖಲಾಗಿದೆ. ಹಳೆಯ ಹಕೀಮರೂ ಹೊಸ ವಿಜ್ಞಾನಿಗಳೂ ಒಂದೇ ಮಾತು ಹೇಳುತ್ತಿರುವಾಗ, ಬೇರೆ ಮಾತು ಹೇಳುತ್ತಿರುವುದು ಪೊಟ್ಟಣ ಮಾರುವವನೊಬ್ಬನೇ.

ಈಗ 'ತಿಬ್ಬೆ ನಬವಿ' ಎಂಬ ಆ ಎರಡು ಪದಗಳ ಬಗ್ಗೆ. ಪ್ರವಾದಿ ಮುಹಮ್ಮದ್(ಸ)ರ ವಚನಗಳಲ್ಲಿ ಔಷಧಿಗಳ ಪ್ರಸ್ತಾಪವಿದೆ. ಜೇನಿನಲ್ಲಿ ಜನರಿಗೆ ಶಮನವಿದೆಯೆಂದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 69ನೆಯ ಸೂಕ್ತವೇ ತಿಳಿಸುತ್ತದೆ. ಕರಿಜೀರಿಗೆಯ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಹಿಂದೀ ಊದ್ ಅಥವಾ ಕುಸ್ತ್‌ನ ಉಲ್ಲೇಖವೂ ಬುಖಾರಿಯಲ್ಲಿದೆ. ಸ್ವಾರಸ್ಯವೆಂದರೆ ಆ ಕುಸ್ತ್ ಕೂಡ ಅಬ್ಹಲ್ ಬೆಳೆಯುವ ಅದೇ ಕಾಶ್ಮೀರದ ಬೆಟ್ಟಗಳ ಗಿಡದ ಬೇರು. ಆದರೆ ಅಬ್ಹಲ್ ಈ ಸಾಲಿನಲ್ಲಿಲ್ಲ. ಅದು ಗ್ರೀಕರಿಂದ ಅರಬರಿಗೆ, ಅರಬರಿಂದ ಪಾರಸಿಯ ಮೂಲಕ ದಿಲ್ಲಿ-ಹೈದರಾಬಾದುಗಳ ದವಾಖಾನೆಗಳಿಗೆ ಬಂದ ಯುನಾನಿ ಔಷಧಿ. 'ಯುನಾನಿ' ಎಂಬ ಪದದ ಅರ್ಥವೇ ಗ್ರೀಕರದ್ದು ಎಂದು. ಗ್ರೀಕರ ಔಷಧಿಯನ್ನು ಬಳಸುವುದರಲ್ಲಿ ಯಾವ ತಪ್ಪೂ ಇಲ್ಲ, ಅದಕ್ಕೆ ಪ್ರವಾದಿವರ್ಯರ(ಸ) ಹೆಸರಿನ ಮುದ್ರೆ ಒತ್ತುವುದು ತಪ್ಪು. ತಾವು ಹೇಳದ್ದನ್ನು ಉದ್ದೇಶಪೂರ್ವಕವಾಗಿ ತಮ್ಮ ಹೆಸರಿಗೆ ಹಚ್ಚುವವನು ನರಕದಲ್ಲಿ ತನ್ನ ಸ್ಥಾನವನ್ನು ಸಿದ್ಧಪಡಿಸಿಕೊಳ್ಳಲಿ ಎಂಬ ಅವರ ಕಠಿಣ ಎಚ್ಚರಿಕೆಯನ್ನು ಅಸಂಖ್ಯ ಸಹಾಬಿಗಳು ವರದಿ ಮಾಡಿದ್ದಾರೆ. ಆ ಎಚ್ಚರಿಕೆ ಮಿಂಬರಿನ ಮೇಲೆ ನಿಂತು ಮಾತಾಡುವವರಿಗೆ ಮಾತ್ರ ಅನ್ವಯಿಸುತ್ತದೆಂದೂ ಪೊಟ್ಟಣದ ಮೇಲೆ ಅಚ್ಚು ಹಾಕಿಸುವವರಿಗೆ ಅನ್ವಯಿಸದೆಂದೂ ನಾವೇಕೆ ಭಾವಿಸಿದ್ದೇವೆ?

ಪ್ರವಾದಿ(ಸ)ಯವರು ಗಿಡಮೂಲಿಕೆಯೆಲ್ಲ ನಿರಪಾಯವೆಂದು ಎಂದೂ ಕಲಿಸಲಿಲ್ಲ. ಅಸ್ಮಾ ಬಿಂತ್ ಉಮೈಸ್(ರ)ರೊಡನೆ ನಡೆದ ಮಾತುಕತೆ ತಿರ್ಮಿದಿಯಲ್ಲಿದೆ. ಮಲಬದ್ಧತೆಗೆ ಏನನ್ನು ಬಳಸುತ್ತೀರೆಂದು ಅವರನ್ನು ಕೇಳಲಾಯಿತು. ಅವರು ಶುಬ್ರುಮ್ ಎಂಬ ತೀಕ್ಷ್ಣ ಮೂಲಿಕೆಯ ಹೆಸರು ಹೇಳಿದರು. ಅದು ಬಹಳ ಉಗ್ರವಾದುದೆಂದು ಪ್ರವಾದಿವರ್ಯರು(ಸ) ಅಭಿಪ್ರಾಯಪಟ್ಟರು. ಆ ಬಳಿಕ ಅಸ್ಮಾ ಸೋನಾಮುಖಿಯನ್ನು ಬಳಸಿದರು. ಹೆಣ್ಣೊಬ್ಬಳ ದೇಹಕ್ಕೆ ಯಾವ ಮೂಲಿಕೆ ಎಷ್ಟು ಉಗ್ರವೆಂದು ವಿಚಾರಿಸುವುದು, ಉಗ್ರವಾದುದರ ಬದಲಿಗೆ ಸೌಮ್ಯವಾದುದನ್ನು ಆರಿಸುವುದು: ಸುನ್ನತ್ ಎಂದು ಕರೆಯಬೇಕಾದುದು ಇದು. ಹಾಗೆಯೇ ಸಅದ್ ಇಬ್ನು ಅಬೀ ವಕ್ಕಾಸ್(ರ)ರಿಗೆ ಎದೆನೋವು ಬಂದಾಗ ಸಕೀಫ್ ಗೋತ್ರದ ಹಾರಿಸ್ ಇಬ್ನು ಕಲದಾ ಎಂಬ ವೈದ್ಯನ ಬಳಿ ಹೋಗುವಂತೆ ಸೂಚಿಸಿದ್ದು ಅಬೂ ದಾವೂದ್‌ನಲ್ಲಿದೆ. ಪ್ರವಾದಿಯೇ(ಸ) ಮುಂದೆ ಇರುವಾಗಲೂ ವೈದ್ಯವನ್ನು ವೃತ್ತಿಯಾಗಿ ಬಲ್ಲವನ ಬಳಿಗೆ ಕಳುಹಿಸಲಾಯಿತು.

ಇದನ್ನು ಮೊದಲ ಬಾರಿಗೆ ಹೇಳುತ್ತಿರುವವನು ನಾನಲ್ಲ. ಇಬ್ನು ಖಲ್ದೂನ್ (1332-1406) ತಮ್ಮ ಮುಕದ್ದಿಮಾದಲ್ಲಿ, ಪ್ರವಾದಿವರ್ಯರು(ಸ) ನಿಯುಕ್ತರಾದದ್ದು ಧರ್ಮವನ್ನು ಕಲಿಸಲಿಕ್ಕೆ, ವೈದ್ಯಶಾಸ್ತ್ರವನ್ನು ಕಲಿಸಲಿಕ್ಕಲ್ಲ ಎಂದು ವಾದಿಸಿದ್ದಾರೆ. ಆ ವಾದಕ್ಕೆ ಅವರು ಆಧಾರವಾಗಿ ತೆಗೆದುಕೊಂಡದ್ದು ಮದೀನಾದ ಖರ್ಜೂರದ ತೋಟದ ಪ್ರಸಂಗವನ್ನು. ಗಂಡು ಹೂವಿನ ಪರಾಗವನ್ನು ಹೆಣ್ಣು ಮರಕ್ಕೆ ಕಟ್ಟುವ ಪದ್ಧತಿಯ ಬಗ್ಗೆ ಪ್ರವಾದಿ(ಸ)ಯವರು ತಮ್ಮ ಅನಿಸಿಕೆಯೊಂದನ್ನು ಹೇಳಿದರು, ಜನರು ಪದ್ಧತಿಯನ್ನೇ ಬಿಟ್ಟರು, ಫಸಲು ಕುಗ್ಗಿತು. ಆಗ ಅವರು ಲೌಕಿಕ ವಿಷಯಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬರ್ಥದ ಮಾತನ್ನು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ಹದೀಸನ್ನು ಬೇರೆ ಯಾವ ಸೀಮೆಯವರಿಗಿಂತಲೂ ತೆಂಗಿನ ಸೀಮೆಯವರಾದ ನಾವು ಬೇಗ ಅರ್ಥ ಮಾಡಿಕೊಳ್ಳಬೇಕು. ಇಬ್ನುಲ್ ಕೈಯಿಮ್‌ರಂತಹ ಮಹಾ ವಿದ್ವಾಂಸರು ತಿಬ್ಬೆ ನಬವಿಗೆ ಇದಕ್ಕಿಂತ ಹೆಚ್ಚಿನ ಧಾರ್ಮಿಕ ಸ್ಥಾನ ಕೊಟ್ಟಿದ್ದಾರೆಂಬುದೂ ನಿಜ. ಆ ಚರ್ಚೆ ವಿದ್ವಾಂಸರದು, ನಡೆಯಲಿ. ಆದರೆ ಎರಡೂ ಪಕ್ಷದ ಯಾವ ವಿದ್ವಾಂಸರೂ ಹದೀಸಿನಲ್ಲೇ ಇಲ್ಲದ ಕಾಯಿಗೆ ಹದೀಸಿನ ಹೆಸರಿಡಲು ಅನುಮತಿ ಕೊಟ್ಟಿಲ್ಲ.

ತೆಂಗಿನ ಮಾತು ಬಂತು. ಉಂಡೆಕೊಬ್ಬರಿಯ ವ್ಯಾಪಾರ ಬಲ್ಲ ನಮ್ಮವರ ಜಾಣ್ಮೆಯನ್ನು ನೋಡಿ. ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷವಿಡೀ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಚಿಪ್ಪಿನೊಳಗೆ ಗಿಟುಕು ಬಿಡಿಯಾಗಿ ಉರುಳುವ ಸದ್ದು ಕೇಳಿಯೇ ಒಳಗಿನ ಸ್ಥಿತಿ ಹೇಳುತ್ತಾರೆ. ತಿಪಟೂರಿನ ಮಾರುಕಟ್ಟೆಯಲ್ಲಿ ಬೂಷ್ಟು ಹಿಡಿದ ಒಂದು ಗಿಟುಕನ್ನು ಒಳ್ಳೆಯದೆಂದು ದಾಟಿಸುವುದು ಸುಲಭವಲ್ಲ. ಮರಕ್ಕೆ ಕಪ್ಪುತಲೆ ಹುಳು ಬಿದ್ದು ಬೇರಿನ ಮೂಲಕ ಕೀಟನಾಶಕ ಕೊಟ್ಟರೆ ಆ ಮರದ ಎಳನೀರನ್ನು ಒಂದೂವರೆ ತಿಂಗಳು ಯಾರೂ ಕೀಳುವುದಿಲ್ಲ. ಮಗು ಅತ್ತರೂ ಕೀಳುವುದಿಲ್ಲ. ಮರಕ್ಕೆ ಇಷ್ಟು ಲೆಕ್ಕ, ಕೊಬ್ಬರಿಗೆ ಇಷ್ಟು ಪರೀಕ್ಷೆ. ಮನೆಯ ಸೊಸೆಯ ಬಾಯಿಗೆ ಹೋಗುವ ಕಷಾಯಕ್ಕೆ ಮಾತ್ರ ಯಾವ ಪ್ರಶ್ನೆಯೂ ಇಲ್ಲ. ಇದು ನನಗೆ ನಿಜಕ್ಕೂ ಅರ್ಥವಾಗದ ಸಂಗತಿ.

ಮುಟ್ಟು ತಡವಾಯಿತೆಂದರೆ ಅದಕ್ಕೆ ಕಾರಣಗಳು ಹತ್ತಾರು. ರಕ್ತಹೀನತೆ, ಥೈರಾಯ್ಡ್, ಅಂಡಾಶಯದ ನೀರುಗುಳ್ಳೆಗಳು, ಹಾಲೂಡಿಸುವಿಕೆ, ವಯಸ್ಸು, ಮನಸ್ಸಿನ ಚಿಂತೆ ಇವೆಲ್ಲ ಇರಬಹುದು. ಆದರೆ ವಿವಾಹಿತೆಯ ವಿಷಯದಲ್ಲಿ ಮೊದಲು ತಿಳಿಯಬೇಕಾದುದು ಒಂದೇ: ಗರ್ಭವಿದೆಯೇ, ಇಲ್ಲವೇ? ಅದನ್ನು ತಿಳಿಯದೆ ಮುಟ್ಟು ಹರಿಸುವ ಔಷಧಿ ಕೊಡುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ. ಮೂತ್ರದ ಪರೀಕ್ಷೆಯ ಪಟ್ಟಿ ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಬಳಿ 'ನಿಶ್ಚಯ್' ಎಂಬ ಪರೀಕ್ಷಾ ಕಿಟ್ ಉಚಿತವಾಗಿಯೇ ದೊರೆಯುವ ವ್ಯವಸ್ಥೆಯಿದೆ. ಇನ್ನೊಂದು ಅಪಾಯವನ್ನೂ ಸ್ಪಷ್ಟವಾಗಿ ಹೇಳಬೇಕು. ಕೆಲವೊಮ್ಮೆ ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಲ್ಲುತ್ತದೆ. ಆಗಲೂ ಮುಟ್ಟು ತಡ, ಆಮೇಲೆ ಒಂದು ಮಗ್ಗುಲಲ್ಲಿ ನೋವು ಮತ್ತು ಸ್ರಾವ. ಕಷಾಯ ಕುಡಿದ ಹೆಂಗಸು 'ಔಷಧಿ ಕೆಲಸ ಮಾಡುತ್ತಿದೆ' ಎಂದುಕೊಂಡು ನೋವು ನುಂಗಿ ಮಲಗಿದರೆ, ನಾಳ ಒಡೆದು ಒಳಗೆ ರಕ್ತ ಸುರಿದು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಎರವಾದೀತು. ನಿಮ್ಮನ್ನು ನೀವೇ ವಿನಾಶಕ್ಕೆ ನೂಕಿಕೊಳ್ಳಬೇಡಿರೆಂಬ ಅಲ್ಬಕರಾ ಅಧ್ಯಾಯದ ಆಜ್ಞೆ ಇಂತಹ ಸಂದರ್ಭಕ್ಕೂ ಸಲ್ಲುತ್ತದೆ.

ಇಷ್ಟು ಹೊತ್ತೂ ನಾನು ತಿಳಿಯದೆ ಕೊಟ್ಟವರ ಬಗ್ಗೆ ಬರೆದೆ. ತಿಳಿದೂ ಕೊಡುವವರಿದ್ದಾರೆ. 'ಮುಟ್ಟು ತರಿಸುವುದು' ಎಂಬ ಮಾತಿನ ಸೆರಗಿನಡಿ ಎಷ್ಟೋ ಮನೆಗಳಲ್ಲಿ ನಡೆಯುವುದು ಗರ್ಭ ಕಳೆಯುವ ಪ್ರಯತ್ನವೇ. ಕರ್ಮಗಳು ಅವುಗಳ ಉದ್ದೇಶವನ್ನು ಅವಲಂಬಿಸಿವೆ ಎಂಬುದನ್ನು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ; ಹೆಸರು ಬದಲಿಸಿದರೆ ಉದ್ದೇಶ ಬದಲಾಗದು. ಭ್ರೂಣಕ್ಕೆ ಆತ್ಮ ಊದಲ್ಪಡುವ 120 ದಿನಗಳ ಬಳಿಕ ತಾಯಿಯ ಪ್ರಾಣಕ್ಕೆ ಅಪಾಯವಿದ್ದ ಹೊರತು ಗರ್ಭಪಾತ ನಿಷಿದ್ಧವೆಂಬುದರಲ್ಲಿ ಕರ್ಮಶಾಸ್ತ್ರ ವಿದ್ವಾಂಸರು ಒಮ್ಮತದಲ್ಲಿದ್ದಾರೆ. ಅದಕ್ಕಿಂತ ಮುಂಚಿನ ಅವಧಿಯ ಕುರಿತು ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಆದರೂ ಸಕಾರಣವಿಲ್ಲದೆ ಅದನ್ನು ಹಗುರವಾಗಿ ಕಾಣುವಂತಿಲ್ಲ. ನಿಜವಾದ ಕಾರಣವಿದ್ದರೆ ಆಲಿಮರನ್ನೂ ಅರ್ಹ ವೈದ್ಯರನ್ನೂ ಕೇಳುವ ದಾರಿ ತೆರೆದೇ ಇದೆ. ದೇಶದ ಕಾನೂನಿನಲ್ಲೂ 1971ರ ಗರ್ಭಪಾತ ಕಾಯ್ದೆ ಮತ್ತು ಅದರ 2021ರ ತಿದ್ದುಪಡಿ, ಯಾರು, ಎಲ್ಲಿ, ಯಾವ ಅವಧಿಯೊಳಗೆ ಎಂಬುದನ್ನು ನಿಗದಿಪಡಿಸಿವೆ. ಅಡುಗೆಮನೆಯ ಮೂಲೆಯಲ್ಲಿ ಕದ್ದು ಕುದಿಸಿದ ಕಷಾಯ ಶರೀಅತ್ತಿಗೂ ಸಲ್ಲದು, ಕಾನೂನಿಗೂ ಸಲ್ಲದು, ಆ ಹೆಂಗಸಿನ ದೇಹಕ್ಕಂತೂ ಸಲ್ಲವೇ ಸಲ್ಲದು.

ಈ ವಿಷಯದಲ್ಲಿ ಬೆರಳು ಸದಾ ಹೆಂಗಸಿನ ಕಡೆಗೇ ತಿರುಗುತ್ತದೆ. ಅದು ನ್ಯಾಯವಲ್ಲ. ಮಗು ಈಗ ಬೇಡವೆಂಬ ಮಾತನ್ನು ಗಂಡ-ಹೆಂಡತಿ ಮೊದಲೇ ಕೂತು ಮಾತಾಡಿಕೊಂಡಿದ್ದರೆ ಅಬ್ಹಲ್‌ನ ಪೊಟ್ಟಣ ಆ ಮನೆಗೆ ಬರುತ್ತಿರಲಿಲ್ಲ. ಗರ್ಭ ನಿಲ್ಲದಂತೆ ಮುನ್ನೆಚ್ಚರಿಕೆ ವಹಿಸುವ ಅಝ್ಲ್ ಪ್ರವಾದಿವರ್ಯರ(ಸ) ಕಾಲದಲ್ಲಿ ನಡೆಯುತ್ತಿತ್ತೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಅದನ್ನು ಆಧಾರವಾಗಿಟ್ಟುಕೊಂಡೇ ಇಂದಿನ ಬಹುಪಾಲು ವಿದ್ವಾಂಸರು ದಂಪತಿಗಳ ಒಪ್ಪಿಗೆಯ ತಾತ್ಕಾಲಿಕ ವಿಧಾನಗಳಿಗೆ ಅನುಮತಿ ನೀಡುತ್ತಾರೆ. ಇದನ್ನು ಪುರುಷರಿಗೆ ತಿಳಿಸುವವರು ಯಾರು? ನಿಕಾಹ್‌ನ ಖುತ್ಬಾದಲ್ಲಿ ಮಹರ್‌ನ ಮಾತಿದೆ, ಬಿರಿಯಾನಿಯ ಡೇಗುಗಳ ಲೆಕ್ಕ ಹಾಲಿನಲ್ಲಿದೆ. ಹೆಣ್ಣಿನ ಶರೀರದ ಹಕ್ಕಿನ ಬಗ್ಗೆ ಒಂದು ಮಾತಿಗೆ ಮಾತ್ರ ನಮಗೆ ನಾಚಿಕೆ. ಮದೀನಾದ ಅನ್ಸಾರ್ ಮಹಿಳೆಯರು ಮುಟ್ಟಿನ ಬಗ್ಗೆ ನೇರವಾಗಿ ಪ್ರವಾದಿ(ಸ)ಯವರಲ್ಲೇ ಕೇಳುತ್ತಿದ್ದರು, ನಾಚಿಕೆ ಅವರನ್ನು ಕಲಿಯುವುದರಿಂದ ತಡೆಯಲಿಲ್ಲವೆಂದು ಆಯಿಶಾ(ರ) ಮೆಚ್ಚಿ ನುಡಿದಿದ್ದಾರೆ.

ಮಾರುವವರಿಗೂ ಒಂದು ಮಾತು. ವೈದ್ಯವನ್ನು ಬಲ್ಲವನೆಂದು ಹೆಸರಾಗದವನು ಚಿಕಿತ್ಸೆಗಿಳಿದು ಹಾನಿ ಮಾಡಿದರೆ ಆ ಹಾನಿಗೆ ಆತನೇ ಹೊಣೆಗಾರನೆಂಬ ಹದೀಸ್ ಅಬೂ ದಾವೂದ್, ನಸಾಈ, ಇಬ್ನು ಮಾಜಃ ಮೂರರಲ್ಲೂ ಇದೆ. ಗ್ರಂಥಿಗೆ ಅಂಗಡಿಯಲ್ಲಿ ಬೇರು-ನಾರು ತೂಗಿ ಕೊಡುವುದು ಹಲಾಲ್ ವ್ಯಾಪಾರ. ಅಲ್ಲಿ ನಿಂತೇ ರೋಗ ಕೇಳಿ 'ಇದು ಕುಡಿಸಿ' ಎಂದರೆ ಅದು ಚಿಕಿತ್ಸೆ, ಅದರ ಹೊಣೆ ಬೇರೆ. ಯುನಾನಿಯ ಉರ್ದು ಔಷಧಿಕೋಶಗಳನ್ನು ತೆರೆದು ನೋಡಿ. ಪ್ರತಿಯೊಂದು ಔಷಧಿಯ ಎದುರು ಮಿಜಾಜ್, ಗುಣ, ಸೇವನೆಯ ಪ್ರಮಾಣಗಳ ಜೊತೆಗೆ 'ಮುಜಿರ್' ಎಂಬ ಸಾಲಿರುತ್ತದೆ: ಯಾರಿಗೆ, ಯಾವ ಅಂಗಕ್ಕೆ ಅದು ಹಾನಿ ಎಂಬುದು. ಅದರ ಪಕ್ಕದಲ್ಲಿ 'ಮುಸ್ಲಿಹ್', ಆ ಹಾನಿಯನ್ನು ತಗ್ಗಿಸುವಂಥದ್ದು. ಇಷ್ಟು ಪ್ರಾಮಾಣಿಕವಾದ ಶಾಸ್ತ್ರದ ಹೆಸರಿನಲ್ಲಿ ಮುಜಿರ್‌ನ ಸಾಲನ್ನು ಅಳಿಸಿ ಮಾರುವುದು ಆ ಶಾಸ್ತ್ರಕ್ಕೇ ಬಗೆದ ದ್ರೋಹ. ಕಾನೂನನ್ನೂ ನೆನಪಿಸುತ್ತೇನೆ: ಮುಟ್ಟಿನ ದೋಷ ಸರಿಪಡಿಸುವುದಾಗಿ ಇಲ್ಲವೇ ಗರ್ಭ ಕಳೆಯುವುದಾಗಿ ಔಷಧಿಗೆ ಜಾಹೀರಾತು ಮಾಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಮೊಬೈಲಿನಲ್ಲಿ ಹಂಚುವ ಸಂದೇಶವೂ ಜಾಹೀರಾತೇ.

ಹಾಗಾದರೆ ಯುನಾನಿಯನ್ನೇ ಬಿಡಬೇಕೇ ಎಂದು ಕೆಲವರು ಸಿಟ್ಟಿನಿಂದ ಕೇಳಬಹುದು. ಬೇಡ. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಿದೆ. ಸ್ನಾತಕೋತ್ತರ ಅಧ್ಯಯನದ ಜೊತೆಗೆ ಆಸ್ಪತ್ರೆಯೂ ಇದೆ. ತಿಪಟೂರಿನಿಂದ ರೈಲು ಹತ್ತಿದರೆ ಬೆಳಿಗ್ಗೆ ಹೋಗಿ ರಾತ್ರಿಗೆ ಮರಳಬಹುದು. ಅಷ್ಟು ದೂರ ಆಗದಿದ್ದರೆ ಬಿ.ಯು.ಎಂ.ಎಸ್. ಓದಿ ನೋಂದಣಿ ಪಡೆದ ಹಕೀಮರಿದ್ದಾರೆ. ಮೂತ್ರದ ತೊಂದರೆಗೆ ಅಂಥವರು ನಾಡಿ ನೋಡಿ, ಪರೀಕ್ಷೆ ಮಾಡಿಸಿ ಅಬ್ಹಲ್ ಬರೆದುಕೊಟ್ಟರೆ ನಾನೂ ಕುಡಿಯುತ್ತೇನೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರು, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರು ಮಾತ್ರ ಆ ವಿಷಯವನ್ನು ಹಕೀಮರಿಂದ ಮುಚ್ಚಿಡಬಾರದು.

ಹಲಾಲ್-ಹರಾಮಿನ ಪ್ರಶ್ನೆಯೊಂದು ಈ ನಡುವೆ ಕೇಳಿಬರುವುದರಿಂದ ಅದನ್ನೂ ಮುಗಿಸಿಬಿಡುತ್ತೇನೆ. ಇಂಗ್ಲಿಷರ ಜಿನ್ ಎಂಬ ಮದ್ಯಕ್ಕೆ (ತಾಯಿತ ಕಟ್ಟುವವರು ಹೇಳುವ ಜಿನ್ನ್ ಅಲ್ಲ) ಪರಿಮಳ ಕೊಡುವುದು ಇದೇ ಕಾಯಿ. ಡಚ್ಚರು ಜುನಿಪರ್‌ನಿಂದಲೇ ಆ ಹೆಸರು ಕಟ್ಟಿದರು. ಅಷ್ಟಕ್ಕೇ ಕಾಯಿ ಹರಾಮಾಗುವುದಿಲ್ಲ. ದ್ರಾಕ್ಷಿಯಿಂದ ಮದ್ಯ ಮಾಡುತ್ತಾರೆಂದು ದ್ರಾಕ್ಷಿ ಹರಾಮೇ? ಆದರೆ ಮದ್ಯಸಾರದಲ್ಲಿ ನೆನೆಸಿದ ಇದರ ಅರ್ಕವನ್ನು ಸ್ವಂತ ಇಚ್ಛೆಯಿಂದ ತಂದು ಕುಡಿಯುವವರು ತಾರಿಕ್ ಇಬ್ನು ಸುವೈದ್(ರ)ರಿಗೆ ಪ್ರವಾದಿವರ್ಯರು(ಸ) ಮದ್ಯವು ಔಷಧಿಯಲ್ಲ, ರೋಗವೆಂಬರ್ಥದಲ್ಲಿ ಕೊಟ್ಟ ಉತ್ತರವನ್ನು ಓದಿಕೊಳ್ಳಲಿ.

ಖಾಲಾ ಅವರಿಗೆ ಇದಿಷ್ಟನ್ನೂ ನಾನು ಒಮ್ಮೆಗೇ ಹೇಳಲಿಲ್ಲ. 'ಹುಜೂರರು(ಸ) ಇದನ್ನು ಹೇಳಿಲ್ಲ ಖಾಲಾ, ಅಂಗಡಿಯವನು ಹೇಳಿದ್ದು' ಎಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, 'ನಿನ್ನನ್ನು ಕೇಳದೆ ಕುಡಿಸಿದೆ ಬೇಟಿ, ಮಾಫ್ ಮಾಡು' ಎಂದರು. ಹುಡುಗಿ ಉತ್ತರ ಕೊಡಲಿಲ್ಲ, ಅತ್ತೆಯ ಕೈ ಹಿಡಿದುಕೊಂಡಳು. ಈಗ ಇಬ್ಬರೂ ತಿಂಗಳಿಗೊಮ್ಮೆ ಸರಕಾರಿ ಆಸ್ಪತ್ರೆಗೆ ಒಟ್ಟಿಗೆ ಹೋಗುತ್ತಾರೆ. ಹುಡುಗಿಗೆ ರಕ್ತಹೀನತೆಯಿತ್ತೆಂದು ಅಲ್ಲಿ ಗೊತ್ತಾಗಿದೆ, ಕಬ್ಬಿಣದ ಮಾತ್ರೆ ನಡೆಯುತ್ತಿದೆ.